ಪ್ರಣಯ ಕಾದಂಬರಿ ಬರೆಯುವವರು ಪ್ರಣಯ ಕಾದಂಬರಿಗಳನ್ನು ಓದುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಪ್ರಣಯ ಕಾದಂಬರಿಯನ್ನು ಕೈಗೆತ್ತಿಕೊಳ್ಳುವ ಓದುಗರಿಗೆ ಕೊನೆಯಲ್ಲಿ ಏನಾಗುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ನಾಯಕ ನಾಯಕಿಯರು ಒಂದಾಗುತ್ತಾರೆ. ಅಮೆರಿಕದ ಸಂಶೋಧಕಿ ಜಾನಿಸ್ ರಾಡ್‌ವೇ ಅವರು ಇಂಥ ಕಾದಂಬರಿಗಳ ಓದುಗಿಯರನ್ನು ಮಾತನಾಡಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂತ್ಯ ದುಃಖಕರವಾಗಿಲ್ಲ ಎಂದು ಖಚಿತಪಡಿಸಿಕೊಳ್ಳಲು ಕೊನೆಯ ಪುಟಗಳನ್ನೇ ಮೊದಲು ತಿರುವಿ ನೋಡುವವರೂ ಕಾಣಿಸುತ್ತಾರೆ. ಪತ್ತೇದಾರಿ ಕಾದಂಬರಿಯನ್ನು ಹೀಗೆ ಓದಿದರೆ ಓದಿನ ಸ್ವಾರಸ್ಯವೇ ಹೊರಟುಹೋಗುತ್ತದೆ. ಪ್ರಣಯ ಕಾದಂಬರಿಗೆ ಮಾತ್ರ ಅದರಿಂದ ಯಾವ ಹಾನಿಯೂ ಇಲ್ಲ. ಏಕೆಂದರೆ ಇಲ್ಲಿ ಓದುಗರನ್ನು ಹಿಡಿದಿಡುವುದು ಮುಂದೇನು ಎಂಬ ಪ್ರಶ್ನೆಯಲ್ಲ. ಒಂದಾಗಲೇಬೇಕಾದ ಇವರಿಬ್ಬರು ಈಗಲೇ ಏಕೆ ಒಂದಾಗುತ್ತಿಲ್ಲ ಎಂಬ ಪ್ರಶ್ನೆ.

ಬರೆಯುವವರು ಬೇರೆಯವರ ಕಾದಂಬರಿಗಳಿಂದ ಕಲಿಯಬೇಕಾದದ್ದು ಮುಖ್ಯವಾಗಿ ಇದನ್ನೇ. ಭಾಷೆ, ವರ್ಣನೆ, ಹಾಸ್ಯ ಎಲ್ಲವೂ ಬೇಕು ನಿಜ. ಆದರೆ ವಿಳಂಬವನ್ನು ನಂಬುವಂತೆ ಮಾಡುವ ಕಲೆ ಕೈಹತ್ತದಿದ್ದರೆ ಉಳಿದದ್ದೆಲ್ಲ ಅಲಂಕಾರವಷ್ಟೇ. 'ತುಂಬಾ ಓದಿ, ಬರವಣಿಗೆ ತಾನಾಗಿ ಬರುತ್ತದೆ' ಎಂದು ಹಿರಿಯರು ಹೊಸಬರಿಗೆ ಹೇಳುವ ಮಾತಿನಲ್ಲಿ ಹೇಗೆ ಓದಬೇಕು ಎಂಬುದು ಬಿಟ್ಟುಹೋಗಿರುತ್ತದೆ. ನೂರಾರು ಕಾದಂಬರಿ ಓದಿಯೂ ಹದಿನೈದನೆಯ ಪುಟದಲ್ಲಿಯೇ ನಾಯಕನಿಂದ ಎಲ್ಲವನ್ನೂ ಹೇಳಿಸಿಬಿಟ್ಟು, ಮುಂದಿನ ಇನ್ನೂರು ಪುಟ ತುಂಬಿಸಲು ಖಳನಾಯಕನ ಮೊರೆ ಹೋಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಕೆಳಗೆ ವಿವರಿಸಿರುವ ಕ್ರಮಕ್ಕೆ ಬೇಕಾಗುವುದು ಒಂದು ಉದ್ದನೆಯ ನೋಟ್‌ಬುಕ್, ಪೆನ್ಸಿಲ್, ನಾಲ್ಕೈದು ಪುಸ್ತಕ ಮತ್ತು ಒಂದೇ ಪುಸ್ತಕವನ್ನು ಎರಡು ಸಲ ಓದುವ ತಾಳ್ಮೆ.

ಮೊದಲ ಹೆಜ್ಜೆ: ಪುಸ್ತಕಗಳನ್ನು ಬೇರ್ಪಡಿಸಿಕೊಳ್ಳುವುದು

ಪ್ರೀತಿಯ ಬಗ್ಗೆ ಬರೆದದ್ದೆಲ್ಲ ಪ್ರಣಯ ಕಾದಂಬರಿಯಲ್ಲ. ಪ್ರೇಮವೇ ಕಥೆಯ ಕೇಂದ್ರದಲ್ಲಿರಬೇಕು, ಅಂತ್ಯ ಮನಸ್ಸಿಗೆ ತೃಪ್ತಿಯನ್ನೂ ಭರವಸೆಯನ್ನೂ ಕೊಡಬೇಕು ಎಂಬ ಎರಡು ನಿಬಂಧನೆಗಳನ್ನು ಅಮೆರಿಕದ ಪ್ರಣಯ ಕಾದಂಬರಿಕಾರರ ಸಂಘ ತನ್ನ ವ್ಯಾಖ್ಯೆಯಲ್ಲಿ ಇಟ್ಟುಕೊಂಡಿದೆ. ಈ ಅಳತೆಗೋಲನ್ನು ನಮ್ಮ ಕಪಾಟಿಗೆ ಹಿಡಿದರೆ ಬಹಳಷ್ಟು ಪ್ರಸಿದ್ಧ ಪುಸ್ತಕಗಳು ಹೊರಗುಳಿಯುತ್ತವೆ. ತ್ರಿವೇಣಿಯವರ 'ಶರಪಂಜರ'ದಲ್ಲಿ ಕಾವೇರಿ ಮತ್ತು ಸತೀಶರ ದಾಂಪತ್ಯ ಅನುರಾಗದಿಂದಲೇ ಆರಂಭವಾಗುತ್ತದೆ. ಆದರೆ ಕಾದಂಬರಿಯ ಕಾಳಜಿ ಇರುವುದು ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳಿದ ಹೆಣ್ಣನ್ನು ಗಂಡನೂ ಸಮಾಜವೂ ನಡೆಸಿಕೊಳ್ಳುವ ರೀತಿಯಲ್ಲಿ. ಅದನ್ನು ಪ್ರಣಯ ಕಾದಂಬರಿಯ ಮಾದರಿಯೆಂದು ಓದಿದರೆ ತಪ್ಪು ಪಾಠ ಕಲಿತಂತಾಗುತ್ತದೆ. ಹಾಗೆಂದು ಅದನ್ನು ಓದಬಾರದೆಂದಲ್ಲ; ಯಾವುದನ್ನು ಯಾವುದಕ್ಕಾಗಿ ಓದುತ್ತಿದ್ದೇವೆ ಎಂಬುದು ಗೊತ್ತಿರಬೇಕು.

ಅಭ್ಯಾಸಕ್ಕೆ ಆರಿಸಿಕೊಳ್ಳುವ ಪುಸ್ತಕಗಳಲ್ಲಿ ಒಂದಾದರೂ ನೀವು ಬರೆಯಬೇಕೆಂದಿರುವ ಬಗೆಯದೇ ಆಗಿರಲಿ. ನಿಶ್ಚಯಿಸಿದ ಮದುವೆಯ ನಂತರ ಹುಟ್ಟುವ ಪ್ರೀತಿಯ ಕಥೆ ನಿಮ್ಮದಾದರೆ ಅಂಥದೇ ಒಂದು, ಕಚೇರಿಯ ಒಲವಾದರೆ ಅಂಥದೇ ಒಂದು. ಇನ್ನೊಂದು ಹಳೆಯದಾಗಿರಲಿ, ನೂರು ವರ್ಷ ಹಿಂದಿನದಾದರೂ ಸರಿ. ಮತ್ತೊಂದು ಮಿಲ್ಸ್ ಅಂಡ್ ಬೂನ್ ಮಾದರಿಯ ಪುಸ್ತಕವಾಗಿರಲಿ. 1908ರಲ್ಲಿ ಲಂಡನ್ನಿನಲ್ಲಿ ಆರಂಭವಾಗಿ, 1971ರಲ್ಲಿ ಕೆನಡಾದ ಹಾರ್ಲೆಕ್ವಿನ್ ಸಂಸ್ಥೆಯ ಪಾಲಾದ ಆ ಪ್ರಕಾಶನದ ಪುಸ್ತಕಗಳನ್ನು ಮೂಗು ಮುರಿಯದೆ ಓದಬೇಕು. ಸುಮಾರು ಐವತ್ತು ಸಾವಿರ ಪದಗಳ ಮಿತಿಯಲ್ಲಿ ಭೇಟಿ, ಸೆಳೆತ, ಮುನಿಸು, ಅಗಲಿಕೆ, ಕೂಡಿಕೆ ಎಲ್ಲವನ್ನೂ ಹೊಂದಿಸುವ ಆ ಲೆಕ್ಕಾಚಾರವನ್ನು ಬೇರೆಲ್ಲೂ ಅಷ್ಟು ಸ್ಪಷ್ಟವಾಗಿ ನೋಡಲಾಗದು. ಕೊನೆಯದಾಗಿ, ನಿಮಗೆ ಹಿಡಿಸದ ಒಂದು ಪುಸ್ತಕವೂ ಇರಲಿ. ಒಳ್ಳೆಯ ಕಾದಂಬರಿಯಲ್ಲಿ ಹೊಲಿಗೆ ಕಾಣಿಸುವುದಿಲ್ಲ. ಕೆಟ್ಟದ್ದರಲ್ಲಿ ಎಲ್ಲೆಲ್ಲಿ ಬಿಟ್ಟುಕೊಂಡಿದೆ ಎಂಬುದು ತಕ್ಷಣ ಗೊತ್ತಾಗುತ್ತದೆ.

ಕನ್ನಡದ ಹಳೆಯ ಜನಪ್ರಿಯ ಕಾದಂಬರಿಗಳು ಈಗ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಜಿಲ್ಲಾ ಮತ್ತು ನಗರ ಕೇಂದ್ರ ಗ್ರಂಥಾಲಯಗಳಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ, ಅಲ್ಲಲ್ಲಿ ಉಸಿರು ಹಿಡಿದುಕೊಂಡಿರುವ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಹುಡುಕಬೇಕು. ವಾರಪತ್ರಿಕೆಯ ಧಾರಾವಾಹಿಯನ್ನು ಕತ್ತರಿಸಿ ದಾರದಿಂದ ಹೊಲಿದಿಟ್ಟ ಕಟ್ಟು ಯಾರ ಮನೆಯ ಅಟ್ಟದಲ್ಲಾದರೂ ಸಿಕ್ಕರೆ ಬಿಡಬೇಡಿ. ಅದರ ಉಪಯೋಗವನ್ನು ಮುಂದೆ ಹೇಳುತ್ತೇನೆ.

ಎರಡನೆಯ ಹೆಜ್ಜೆ: ಮೊದಲ ಓದು

ಮೊದಲ ಸಲ ಓದುಗರಾಗಿಯೇ ಓದಿ. ಟಿಪ್ಪಣಿ ಬೇಡ. ಎರಡೇ ಗುರುತುಗಳನ್ನು ಅಂಚಿನಲ್ಲಿ ಹಾಕಿಕೊಳ್ಳಿ: ನಿದ್ದೆ ಬಂದರೂ ಪುಸ್ತಕ ಮುಚ್ಚಲಾಗದ ಜಾಗಕ್ಕೆ ಒಂದು ಗೆರೆ, ಕಣ್ಣು ತಾನಾಗಿ ಸಾಲುಗಳನ್ನು ಹಾರಿಸಿದ ಜಾಗಕ್ಕೆ ಒಂದು ಸೊನ್ನೆ. ಹಾರಿಸಿದ ಜಾಗಗಳ ಬಗ್ಗೆ ಪ್ರಾಮಾಣಿಕರಾಗಿರಿ. ಹೆಸರುವಾಸಿ ಲೇಖಕರ ಪುಸ್ತಕವೆಂದು ನಿಸರ್ಗ ವರ್ಣನೆಯನ್ನು ಭಕ್ತಿಯಿಂದ ಓದಿದಂತೆ ನಟಿಸುವ ಅಗತ್ಯವಿಲ್ಲ.

ಮೂರನೆಯ ಹೆಜ್ಜೆ: ಅಧ್ಯಾಯವಾರು ಖಾತೆ

ನಿಜವಾದ ಕೆಲಸ ಎರಡನೆಯ ಓದಿನಲ್ಲಿದೆ. ನೋಟ್‌ಬುಕ್ಕಿನಲ್ಲಿ ಒಂದೊಂದು ಅಧ್ಯಾಯಕ್ಕೆ ಒಂದೊಂದು ಸಾಲು ಮೀಸಲಿಟ್ಟು, ಪ್ರತಿ ಸಾಲಿನಲ್ಲಿ ಮೂರು ಪ್ರಶ್ನೆಗಳಿಗೆ, ಒಂದೊಂದಕ್ಕೆ ಒಂದೊಂದು ಖಾನೆಯಲ್ಲಿ, ಉತ್ತರ ಬರೆಯಬೇಕು. ಈ ಅಧ್ಯಾಯದ ಕೊನೆಗೆ ಇಬ್ಬರ ನಡುವೆ ಏನು ಬದಲಾಯಿತು? ಈ ಕ್ಷಣ ಇಬ್ಬರೂ ಒಂದಾಗದಂತೆ ತಡೆದಿರುವುದು ಏನು? ಈಗ ಯಾರಿಗೆ ಏನು ಗೊತ್ತಿದೆ, ಯಾರಿಗೆ ಏನು ಗೊತ್ತಿಲ್ಲ? ಮೂರನೆಯ ಖಾನೆಯೊಳಗೆ ನಾಯಕ, ನಾಯಕಿ, ಓದುಗ ಎಂಬ ಮೂರು ಭಾಗ ಮಾಡಿಕೊಂಡರೆ ಅನುಕೂಲ.

ಸಾಲುಗಳಿಗೆ ಹೆಸರಿಡಲು ಒಂದು ಸಿದ್ಧ ಪಟ್ಟಿ ಬೇಕೆನ್ನುವವರಿಗೆ ವಿಮರ್ಶಕಿ ಪಮೇಲಾ ರೀಜಿಸ್ ಅವರು 2003ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಗುರುತಿಸಿರುವ ಎಂಟು ಅಂಗಗಳು ನೆರವಾಗುತ್ತವೆ. ಪಾತ್ರಗಳು ಬದುಕುವ ಸಮಾಜದ ಚಿತ್ರಣ, ಮೊದಲ ಭೇಟಿ, ತಡೆ, ಸೆಳೆತ, ಪ್ರೇಮ ನಿವೇದನೆ, ಎಲ್ಲವೂ ಮುಗಿದೇಹೋಯಿತು ಎನ್ನಿಸುವ ಘಟ್ಟ, ತಡೆಯನ್ನು ದಾಟಿಸುವ ಅರಿವು, ಮದುವೆಯ ಒಪ್ಪಿಗೆ. ಇವು ಇದೇ ಕ್ರಮದಲ್ಲಿ ಬರಬೇಕೆಂದಿಲ್ಲ, ಒಂದೊಂದು ಎರಡು ಸಲವೂ ಬರಬಹುದು ಎಂದು ರೀಜಿಸ್ ಅವರೇ ಹೇಳುತ್ತಾರೆ. ಪಟ್ಟಿಯನ್ನು ಅಡುಗೆಯ ಅಳತೆಯಂತೆ ಹಿಡಿದುಕೊಂಡು ಕಾದಂಬರಿ ಬೇಯಿಸಲು ಹೊರಡುವುದು ಬೇಡ. ಬೇರೆಯವರು ಏನು ಮಾಡಿದ್ದಾರೆ ಎಂದು ನೋಡುವುದಕ್ಕೆ ಮಾತ್ರ ಅದು ಉಪಯುಕ್ತ.

ಖಾತೆ ಹೇಗಿರುತ್ತದೆ ಎಂಬುದಕ್ಕೆ ಜೇನ್ ಆಸ್ಟಿನ್ ಅವರ 'ಪ್ರೈಡ್ ಅಂಡ್ ಪ್ರೆಜುಡಿಸ್' ಅನ್ನೇ ತೆಗೆದುಕೊಳ್ಳೋಣ. 1813ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಒಟ್ಟು 61 ಅಧ್ಯಾಯಗಳಿವೆ. ನಾಯಕ ಡಾರ್ಸಿ ನಾಯಕಿ ಎಲಿಜಬೆತ್‌ಗೆ ಮೊದಲ ಬಾರಿ ಪ್ರೇಮ ನಿವೇದಿಸುವುದು 34ನೆಯ ಅಧ್ಯಾಯದಲ್ಲಿ, ಅಂದರೆ ನಡುಮಧ್ಯವನ್ನು ತುಸು ದಾಟಿದ ಮೇಲೆ. ಹೊಸಬರು ಕೊನೆಗೆಂದು ಕಾಯ್ದಿರಿಸಿಕೊಳ್ಳುವ ಮಾತನ್ನು ಆಸ್ಟಿನ್ ನಡುವಿನಲ್ಲೇ ಆಡಿಸಿ, ಅದಕ್ಕೆ ನಿರಾಕರಣೆಯನ್ನು ಕೊಡಿಸಿ, ಉಳಿದ ಅರ್ಧವನ್ನು ಆ ನಿರಾಕರಣೆಯ ಮೇಲೆ ಕಟ್ಟುತ್ತಾರೆ.

ಈ ಅಧ್ಯಾಯಕ್ಕೆ ಹಿಂದಿನ ಸಾಲನ್ನು ನೋಡಿ. 33ರಲ್ಲಿ ಡಾರ್ಸಿಯ ಸೋದರಸಂಬಂಧಿ ಕರ್ನಲ್ ಫಿಟ್ಸ್‌ವಿಲಿಯಮ್ ಮಾತಿನ ನಡುವೆ, ತನ್ನ ಗೆಳೆಯನೊಬ್ಬನನ್ನು ಅವಿವೇಕದ ಮದುವೆಯಿಂದ ಪಾರುಮಾಡಿದ್ದೇನೆಂದು ಡಾರ್ಸಿ ಹೇಳಿಕೊಂಡಿದ್ದನ್ನು ಎಲಿಜಬೆತ್‌ಗೆ ತಿಳಿಸುತ್ತಾನೆ. ಆ ಗೆಳೆಯ ಬಿಂಗ್ಲಿ, ಆ ಮದುವೆ ತನ್ನ ಅಕ್ಕ ಜೇನ್‌ಳದು ಎಂಬುದು ಅವಳಿಗೆ ಹೊಳೆಯುತ್ತದೆ. ಅತ್ತು ತಲೆನೋವು ಬಂದು ಅವಳು ಆ ಸಂಜೆ ಹೊರಗೆ ಹೋಗದೆ, ಅಕ್ಕನ ಹಳೆಯ ಕಾಗದಗಳನ್ನು ಮತ್ತೆ ಓದುತ್ತಾ ಕುಳಿತಿರುವಾಗ ಬಾಗಿಲ ಗಂಟೆ ಬಾರಿಸುತ್ತದೆ. ಒಳಬರುವುದು ಡಾರ್ಸಿ. ನಮ್ಮ ಖಾತೆಯ ಮೂರನೆಯ ಖಾನೆಯಲ್ಲಿ ಆಗ ಬರೆಯಬೇಕಾದದ್ದು ಇಷ್ಟು: ಅವನ ಅಪರಾಧ ಅವಳಿಗೆ ಗೊತ್ತಿದೆ, ಅವಳಿಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ, ಓದುಗರಿಗೆ ಎರಡೂ ಗೊತ್ತಿದೆ. ಅದೇ ನಿವೇದನೆ ಒಂದು ದಿನ ಮುಂಚೆ ಬಂದಿದ್ದರೆ ಅವಳು ನಯವಾಗಿಯೇ ಬೇಡವೆನ್ನಬಹುದಿತ್ತೇನೋ, ಈ ಜಗಳ ಮಾತ್ರ ನಡೆಯುತ್ತಿರಲಿಲ್ಲ. ದೃಶ್ಯದ ಶಕ್ತಿ ಮಾತಿನಲ್ಲಿಲ್ಲ, ಅದನ್ನು ಇಟ್ಟ ಗಳಿಗೆಯಲ್ಲಿದೆ.

ಇನ್ನೂ ಹತ್ತಿರದಿಂದ ನೋಡಿದರೆ ಇನ್ನೊಂದು ಕೌಶಲ ಕಾಣುತ್ತದೆ. ಡಾರ್ಸಿ ಕೂರುತ್ತಾನೆ, ಏಳುತ್ತಾನೆ, ಕೋಣೆಯಲ್ಲಿ ಓಡಾಡುತ್ತಾನೆ, ಕೆಲವು ನಿಮಿಷ ಮಾತೇ ಇಲ್ಲ. ನಂತರ ಅವನ ಬಾಯಿಂದ ನೇರವಾಗಿ ಬರುವುದು ನಾಲ್ಕು ಚಿಕ್ಕ ವಾಕ್ಯಗಳು ಮಾತ್ರ. ಅವನ ಉಳಿದ ಭಾಷಣವೆಲ್ಲ, ಅವಳ ಮನೆತನದ ಕೀಳುದರ್ಜೆಯ ಬಗ್ಗೆ ಅವನಾಡುವ ಅವಮಾನಕರ ಮಾತೂ ಸೇರಿ, ನಿರೂಪಕಿಯ ಸಂಕ್ಷೇಪದಲ್ಲಿ ಬರುತ್ತದೆ. ಅವಳು ನಿರಾಕರಿಸಿದ ಮೇಲೆ ನಡೆಯುವ ವಾಗ್ವಾದ ಮಾತ್ರ ಪೂರ್ತಿ ನೇರ ಸಂಭಾಷಣೆಯಲ್ಲಿದೆ. ಪ್ರೀತಿಯ ಮಾತನ್ನು ಸಂಕ್ಷೇಪಿಸು, ಜಗಳದ ಮಾತನ್ನು ಹಿಗ್ಗಿಸು ಎಂಬುದು ಇಲ್ಲಿಯ ವಿಧಾನ. 58ನೆಯ ಅಧ್ಯಾಯದ ಎರಡನೆಯ ನಿವೇದನೆಯಲ್ಲಿಯೂ ಅವಳು ಒಪ್ಪಿದ ಕ್ಷಣದ ಮಾತುಗಳನ್ನು ಆಸ್ಟಿನ್ ನಮಗೆ ಕೇಳಿಸುವುದೇ ಇಲ್ಲ. ಪುಟಗಟ್ಟಲೆ 'ನೀನಿಲ್ಲದೆ ನಾನಿಲ್ಲ' ಎಂದು ಬರೆಸುವ ನಮ್ಮ ಧಾರಾವಾಹಿಕಾರರು ಈ ಎರಡು ಅಧ್ಯಾಯಗಳನ್ನು ಕೈಯಿಂದ ನಕಲು ಮಾಡಿಕೊಂಡರೂ ನಷ್ಟವಿಲ್ಲ.

ಮುಂದಿನ ಸಾಲುಗಳು ಇನ್ನೂ ಬೆಲೆಬಾಳುವಂಥವು. 35ರಲ್ಲಿ ಡಾರ್ಸಿಯ ಕಾಗದ ಬರುತ್ತದೆ, 36ರಲ್ಲಿ ಎಲಿಜಬೆತ್ ಅದನ್ನು ಓದುತ್ತಾಳೆ. ಮೊದಲ ಸಲ ಸಿಟ್ಟಿನಿಂದ ಓದಿ, ಇನ್ನು ಇದನ್ನು ಮುಟ್ಟುವುದಿಲ್ಲವೆಂದು ಮಡಿಸಿಟ್ಟು, ಅರೆ ನಿಮಿಷದಲ್ಲಿ ಮತ್ತೆ ಬಿಡಿಸುತ್ತಾಳೆ. ಆಗ, ಡಾರ್ಸಿಯಿಂದ ತನಗೆ ಅನ್ಯಾಯವಾಯಿತೆಂದು ಹಿಂದೆ ದೂರಿದ್ದ ವಿಕಮ್ ತನ್ನೊಂದಿಗೆ ಹೆಚ್ಚು ಪರಿಚಯವೇ ಇಲ್ಲದಿದ್ದಾಗ ಡಾರ್ಸಿಯ ಮನೆಯ ಖಾಸಗಿ ಸಂಗತಿಗಳನ್ನೆಲ್ಲ ಹೇಳಿಕೊಂಡದ್ದು ಸಭ್ಯತೆಯಲ್ಲ ಎಂಬುದು ಅವಳಿಗೆ ಹೊಳೆಯುತ್ತದೆ. ಈಗ ಪುಸ್ತಕದಲ್ಲಿ ಹಿಂದಕ್ಕೆ ಹೋಗಿ 16ನೆಯ ಅಧ್ಯಾಯ ತೆರೆಯಿರಿ. ಆ ಸಂಭಾಷಣೆಯನ್ನು ನಾವೂ ಓದಿದ್ದೆವು, ನಾವೂ ವಿಕಮ್‌ನನ್ನು ನಂಬಿದ್ದೆವು. ಸುಳಿವು ಕಣ್ಣೆದುರಿಗೇ ಇತ್ತು. ಅವಳ ಪೂರ್ವಗ್ರಹ ನಮ್ಮದೂ ಆಗಿದ್ದರಿಂದಲೇ ಅವಳ ನಾಚಿಕೆ ನಮ್ಮದೂ ಆಗುತ್ತದೆ. ಎರಡನೆಯ ಓದು ಏಕೆ ಬೇಕು ಎಂಬ ಪ್ರಶ್ನೆಗೆ ಇಷ್ಟು ಸಾಕು.

ಎರಡನೆಯ ಖಾನೆಯನ್ನು ಮೇಲಿನಿಂದ ಕೆಳಗೆ ಓದಿಕೊಂಡು ಹೋದರೆ ಇಡೀ ಕಾದಂಬರಿಯ ಬೆನ್ನುಮೂಳೆ ಕೈಗೆ ಸಿಗುತ್ತದೆ. ಮೊದಲು ತಡೆ ಇರುವುದು ಅವನ ಗರ್ವದಲ್ಲಿ, ಆಮೇಲೆ ವಿಕಮ್‌ನ ಮಾತಿನಲ್ಲಿ, ಆಮೇಲೆ ಜೇನ್‌ಳ ಮುರಿದ ಸಂಬಂಧದಲ್ಲಿ. ಕಾಗದದ ನಂತರ ಅದೇ ತಡೆ ಅವಳೊಳಗೆ ಸರಿಯುತ್ತದೆ: ಇಷ್ಟೆಲ್ಲ ಅಂದ ಮೇಲೆ ಅವನು ಮತ್ತೆ ಕೇಳುವನೇ? 46ರಲ್ಲಿ ತಂಗಿ ಲಿಡಿಯಾ ವಿಕಮ್‌ನ ಜೊತೆ ಓಡಿಹೋದಳೆಂಬ ಸುದ್ದಿ ಬಂದಾಗ, ಇಂಥ ಮನೆಯ ಹುಡುಗಿಯನ್ನು ಅವನು ಹೇಗೆ ತಾನೆ ಮದುವೆಯಾದಾನು ಎಂಬ ಹತಾಶೆ ಸೇರಿಕೊಳ್ಳುತ್ತದೆ. 34ರಲ್ಲಿ ಅವಳಿಗೆ ಅವನು ಬೇಡವಾಗಿದ್ದ. 46ರಲ್ಲಿ ಬೇಕಾಗಿದ್ದಾನೆ, ಸಿಗಲಾರ. ತಡೆ ಒಂದೇ ಕಡೆ ಕಲ್ಲಿನಂತೆ ಕುಳಿತಿರುವುದಿಲ್ಲ, ಜಾಗ ಬದಲಿಸುತ್ತದೆ. ಸಪ್ಪೆಯಾದ ಕಾದಂಬರಿಗಳ ಖಾತೆಯಲ್ಲಿ ಈ ಖಾನೆಯಲ್ಲಿ ಒಂದೇ ಉತ್ತರ, 'ಅಪ್ಪ ಒಪ್ಪುವುದಿಲ್ಲ' ಎಂಬಂಥದು, ಮೊದಲ ಅಧ್ಯಾಯದಿಂದ ಕೊನೆಯವರೆಗೂ 'ಮೇಲಿನಂತೆ' ಎಂದೇ ಇರುತ್ತದೆ.

ನಾಲ್ಕನೆಯ ಹೆಜ್ಜೆ: ತಡೆಯನ್ನು ತೂಗುವುದು

ಖಾತೆ ಮುಗಿದ ಮೇಲೆ ಪ್ರತಿಯೊಂದು ತಡೆಗೂ ಒಂದು ಪರೀಕ್ಷೆ ಒಡ್ಡಿ: ಇಬ್ಬರೂ ಐದು ನಿಮಿಷ ಮನಬಿಚ್ಚಿ ಮಾತನಾಡಿದ್ದರೆ ಇದು ಕರಗಿಹೋಗುತ್ತಿತ್ತೇ? ಹೌದಾದರೆ, ಅವರು ಮಾತನಾಡದಿರುವುದಕ್ಕೆ ಲೇಖಕರು ಒದಗಿಸಿದ ಕಾರಣ ಎಷ್ಟು ಗಟ್ಟಿಯಾಗಿದೆ? ಅಂಚೆಯಲ್ಲಿ ಕಾಗದ ಕಳೆದುಹೋಗುವುದು, ಟೆಲಿಗ್ರಾಂ ತಡವಾಗುವುದು, ಬೇರೊಬ್ಬಳ ಜೊತೆ ನಾಯಕನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡು ನಾಯಕಿ ತವರಿಗೆ ಹೊರಟುಬಿಡುವುದು ಒಂದು ಕಾಲಕ್ಕೆ ನಡೆಯಿತು. ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಕಾಲದಲ್ಲಿ ಅಂಥ ತಪ್ಪುತಿಳಿವಳಿಕೆಯನ್ನು ಇನ್ನೂರು ಪುಟ ಎಳೆದರೆ ಓದುಗರು ಪಾತ್ರಗಳನ್ನು ಪೆದ್ದರೆಂದುಕೊಳ್ಳುತ್ತಾರೆ. ಇಂದಿನ ಒಳ್ಳೆಯ ಕಾದಂಬರಿಗಳಲ್ಲಿ ಫೋನ್ ಇದ್ದೂ ಮಾತು ಏಕೆ ನಡೆಯುವುದಿಲ್ಲ ಎಂಬುದನ್ನು ಗಮನಿಸಿ ಬರೆದುಕೊಳ್ಳಿ. ಸಾಮಾನ್ಯವಾಗಿ ಅಲ್ಲಿ ಹೆದರಿಕೆ ಇರುತ್ತದೆ, ಸ್ವಾಭಿಮಾನ ಇರುತ್ತದೆ, ಇನ್ನೊಬ್ಬರಿಗೆ ಕೊಟ್ಟ ಮಾತಿರುತ್ತದೆ.

ಹೊರಗಿನ ತಡೆ ಹೇಗೆ ಬದುಕಿನ ಒಳಗಿನಿಂದಲೇ ಬರುತ್ತದೆ ಎಂಬುದನ್ನು ಕಲಿಯಲು ಪ್ರಣಯ ಕಾದಂಬರಿಯ ಕಪಾಟಿನಿಂದ ಸ್ವಲ್ಪ ಆಚೆ ಹೋಗುವುದು ಒಳ್ಳೆಯದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಪ್ರಕಟವಾಯಿತು. ಅಲ್ಲಿ ನಾಯಕಿ ಬಾಲವಿಧವೆ. ಅವಳ ಮರುಮದುವೆಗೆ ಅಡ್ಡಿಯಾಗಿರುವುದು ಒಬ್ಬ ಖಳನಲ್ಲ, ಊರಿನ ಇಡೀ ಕಟ್ಟುಪಾಡು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂದಿತು. ಅದರಲ್ಲಿ ಗುತ್ತಿ ತಿಮ್ಮಿಯನ್ನು ಬಯಸುತ್ತಾನೆ, ತಿಮ್ಮಿಗೂ ಅವನು ಬೇಕು. ಆದರೂ ಅವರು ತಮ್ಮಿಷ್ಟದಂತೆ ಕೂಡಿಬಾಳಲಾರರು, ಏಕೆಂದರೆ ಇಬ್ಬರೂ ಒಡೆಯರ ಹಂಗಿನಲ್ಲಿರುವ ಆಳುಗಳು. ಗುತ್ತಿ ಕಾಡುದಾರಿಯಲ್ಲಿ ನಡೆದಷ್ಟೂ ಆ ವ್ಯವಸ್ಥೆ ನಮಗೆ ಪರಿಚಯವಾಗುತ್ತಾ ಹೋಗುತ್ತದೆ. ಅದೇ ಕಾದಂಬರಿಯಲ್ಲಿ ಒಲ್ಲದ ಮದುವೆಯಿಂದ ತಪ್ಪಿಸಿಕೊಳ್ಳುವ ಚಿನ್ನಮ್ಮನಿಗೂ ಮುಕುಂದಯ್ಯನಿಗೂ ಇರುವ ತಡೆ ಬೇರೆಯೇ ಬಗೆಯದು. ಒಂದೇ ಮಲೆನಾಡು, ಒಂದೇ ಕಾಲ. ಜಾತಿ ಮತ್ತು ಆಸ್ತಿ ಬದಲಾದಂತೆ ಪ್ರೇಮಿಗಳ ಎದುರಿನ ಗೋಡೆಯೂ ಬದಲಾಗುತ್ತದೆ. ನಿಮ್ಮ ಕಥೆಯಲ್ಲಿ 'ಜಾತಿ ಅಡ್ಡಬಂತು' ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸುವ ಮೊದಲು ಈ ಪುಟಗಳನ್ನು ಓದಿ.

ಮದುವೆಯಾದ ಮೇಲೆ ಹುಟ್ಟುವ ಪ್ರೀತಿಯ ಕಥೆಗಳ ಲೆಕ್ಕ ಪ್ರತ್ಯೇಕ. ಇದು ನಮ್ಮ ಓದುಗರಿಗೆ ಅತಿ ಪ್ರಿಯವಾದ ವಸ್ತು, ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' 1942ರಲ್ಲಿ ಪ್ರಕಟವಾದಂದಿನಿಂದ ದಾಂಪತ್ಯವೇ ನಮ್ಮ ಒಲವಿನ ಕಾವ್ಯದ ತವರಾಗಿದೆ. ಇಲ್ಲಿ ಇಬ್ಬರನ್ನು ಒಂದೆಡೆ ಸೇರಿಸುವುದು ಸಮಸ್ಯೆಯೇ ಅಲ್ಲ, ಮೊದಲ ಅಧ್ಯಾಯದಲ್ಲೇ ಅವರು ಒಂದೇ ಸೂರಿನಡಿ ಇರುತ್ತಾರೆ. ಅಪರಿಚಿತರಾಗಿ ಉಳಿಯುವುದಕ್ಕೆ ಕಾರಣ ಬೇಕು. ಒಟ್ಟು ಕುಟುಂಬದಲ್ಲಿ ಮಾತನಾಡಲು ಏಕಾಂತವಿಲ್ಲದಿರುವುದು, ಅತ್ತೆಯ ಎದುರು ಗಂಡನ ಮುಖ ನೋಡಲೂ ಸಂಕೋಚ, ಅವನಿಗೆ ಹಿಂದೆ ಇದ್ದ ಒಂದು ಒಲವು, ಅವಳು ಅರ್ಧಕ್ಕೆ ಬಿಟ್ಟುಬಂದ ಓದು. ಇಂಥ ಕಾದಂಬರಿಗಳನ್ನು ಓದುವಾಗ ಖಾತೆಗೆ ಒಂದು ಹೆಚ್ಚಿನ ಖಾನೆ ಸೇರಿಸಿ: ಈ ಅಧ್ಯಾಯದಲ್ಲಿ ಇಬ್ಬರೂ ಒಂಟಿಯಾಗಿ ಇದ್ದದ್ದು ಎಲ್ಲಿ, ಎಷ್ಟು ಹೊತ್ತು? ಒಳ್ಳೆಯ ಲೇಖಕರು ಆ ಹೊತ್ತನ್ನು ಎಷ್ಟು ಜಿಪುಣತನದಿಂದ ಹಂಚುತ್ತಾರೆ ಎಂಬುದು ಬೆರಗು ಹುಟ್ಟಿಸುತ್ತದೆ.

ಮೊದಲ ಭೇಟಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಡಿಕ್ಕಿ ಹೊಡೆದು ಪುಸ್ತಕ ಬೀಳಿಸುವ ಭೇಟಿಗಳು ಸಾಕಷ್ಟಾಗಿವೆ. ಹನ್ನೆರಡನೆಯ ಶತಮಾನದ ನೇಮಿಚಂದ್ರ ಕವಿ ತನ್ನ ಲೀಲಾವತಿಯ ಕಥೆಯಲ್ಲಿ ನಾಯಕ ನಾಯಕಿಯರು ಕನಸಿನಲ್ಲಿ ಒಬ್ಬರನ್ನೊಬ್ಬರು ಕಾಣುವಂತೆ ಮಾಡಿದ್ದ. ಅದಕ್ಕಿಂತ ಹೊಸದನ್ನು ಹುಡುಕಲು ತಲೆಕೆಡಿಸಿಕೊಳ್ಳುವುದಕ್ಕಿಂತ, ಆ ಭೇಟಿಯಲ್ಲೇ ತಡೆಯ ಬೀಜ ಬಿದ್ದಿದೆಯೇ ಎಂದು ನೋಡಿದರೆ ಸಾಕು.

ಐದನೆಯ ಹೆಜ್ಜೆ: ಮಾತುಕತೆಯಲ್ಲಿ ನೀವು ಮತ್ತು ನೀನು

ಅನುವಾದಿತ ಅಥವಾ ಇಂಗ್ಲಿಷ್ ಕಾದಂಬರಿಗಳಿಂದ ಕಲಿಯಲಾಗದ, ಕನ್ನಡ ಕಾದಂಬರಿಗಳನ್ನೇ ಓದಿ ಕಲಿಯಬೇಕಾದ ಒಂದು ಸಂಗತಿ ಇದು. ನಮ್ಮಲ್ಲಿ ಇಬ್ಬರ ಸಂಬಂಧ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಅವರು ಒಬ್ಬರನ್ನೊಬ್ಬರು ಕರೆಯುವ ಬಗೆಯೇ ಹೇಳಿಬಿಡುತ್ತದೆ. ಹೆಸರಿನ ಮುಂದಿನ 'ಅವರೇ' ಯಾವಾಗ ಬಿದ್ದುಹೋಯಿತು, ಬಹುವಚನ ಯಾವಾಗ ಏಕವಚನವಾಯಿತು, ಅದನ್ನು ಮೊದಲು ದಾಟಿದವರು ಯಾರು, ಇನ್ನೊಬ್ಬರು ತಕ್ಷಣ ಹಿಂಬಾಲಿಸಿದರೇ ಅಥವಾ ನಿಂತಲ್ಲೇ ನಿಂತರೇ? ಸಿಟ್ಟು ಬಂದಾಗ ಮತ್ತೆ ಬಹುವಚನಕ್ಕೆ ಮರಳಿದರೇ? ಗಂಡನ ಹೆಸರು ಹೇಳದೆ 'ರೀ' ಎನ್ನುತ್ತಿದ್ದವಳು ಮೊದಲ ಸಲ ಹೆಸರು ಹಿಡಿದು ಕರೆದದ್ದು ಯಾವ ಪುಟದಲ್ಲಿ? ಓದುವ ಪುಸ್ತಕದಲ್ಲಿ ಈ ಜಾಗಗಳಿಗೆಲ್ಲ ಬಣ್ಣದ ಪೆನ್ಸಿಲ್ಲಿನಿಂದ ಗುರುತು ಹಾಕಿ. ಹೊಸ ಕಾದಂಬರಿಗಳಲ್ಲಿ ಅನೇಕರು ಈ ಸೂಕ್ಷ್ಮವನ್ನು ಕೈಬಿಟ್ಟು ಮೊದಲ ಭೇಟಿಯಲ್ಲೇ ಇಬ್ಬರನ್ನೂ ಏಕವಚನಕ್ಕೆ ಇಳಿಸಿಬಿಡುತ್ತಾರೆ. ಕಾಲೇಜಿನ ಹುಡುಗರಿಗೆ ಅದು ಸರಿ. ಮೂವತ್ತು ದಾಟಿದ ಇಬ್ಬರು ಅಪರಿಚಿತರಿಗೆ ಅಲ್ಲ.

ಕಲಿತದ್ದನ್ನು ಬಳಸುವುದು ಹೇಗೆ ಎಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ. ಸಾಗರದ ಕಡೆಯ ಒಂದು ಬ್ಯಾಂಕ್ ಶಾಖೆಗೆ ವರ್ಗವಾಗಿ ಬಂದಿರುವ ಅಧಿಕಾರಿ ವಸುಧಾ. ಕೊಳೆರೋಗದಿಂದ ಎರಡು ವರ್ಷ ಫಸಲು ಕಳೆದುಕೊಂಡು ಸುಸ್ತಿದಾರರಾಗಿರುವ ಅಡಿಕೆ ಬೆಳೆಗಾರರ ಮಗ ರಘುನಂದನ. ಮೊದಲ ಕರಡಿನಲ್ಲಿ ನಿವೇದನೆ ಹೀಗಿತ್ತೆಂದುಕೊಳ್ಳಿ:

"ವಸುಧಾ, ನಾನು ನಿಮ್ಮನ್ನು ಮನಸಾರೆ ಪ್ರೀತಿಸುತ್ತೇನೆ. ನಿಮ್ಮನ್ನು ನೋಡಿದ ದಿನದಿಂದ ನನಗೆ ನಿದ್ದೆಯಿಲ್ಲ. ನಮ್ಮಪ್ಪನ ಸಾಲ ನಮ್ಮ ನಡುವೆ ಬರಬಾರದು."

ತಡೆ ಏನೆಂಬುದನ್ನು ಪಾತ್ರವೇ ವರದಿ ಒಪ್ಪಿಸುತ್ತಿದೆ. ಮೇಲೆ ಕಂಡ ಮೂರು ಕೌಶಲಗಳನ್ನು, ಅಂದರೆ ಗಳಿಗೆಯ ಆಯ್ಕೆ, ಪ್ರೀತಿಯ ಮಾತಿನ ಸಂಕ್ಷೇಪ, ಕರೆಯುವ ಬಗೆಯ ಬದಲಾವಣೆ ಇವನ್ನು ಇಟ್ಟುಕೊಂಡು ಅದನ್ನೇ ತಿದ್ದಿದರೆ:

ಕಾಲಾವಕಾಶ ಕೋರುವ ಅರ್ಜಿಗೆ ಸಹಿ ಹಾಕಿ ರಘುನಂದನ ಪೆನ್ನು ಹಿಂದಕ್ಕೆ ಕೊಟ್ಟ. ಹೊರಗೆ ಮಳೆ ಬಿಟ್ಟಿರಲಿಲ್ಲ. ಔಷಧಿ ಹೊಡೆಯುವವರು ಮೂರು ದಿನದಿಂದ ಮರ ಹತ್ತಿಲ್ಲವೆಂದೂ, ಹೊಳವಾದರೆ ನಾಳೆಯೇ ಬೋರ್ಡೋ ಹೊಡೆಸಬೇಕೆಂದೂ ಅವಳು ಕೇಳದಿದ್ದರೂ ಹೇಳಿದ.

"ತೋಟ ನೋಡೋದಕ್ಕೆ ಬರ್ತೀರಾ ಒಂದು ಸಲ?"

"ಬ್ಯಾಂಕಿನ ಪರವಾಗಿ ಬರಬೇಕಾ?"

"ಬೇಡ. ನೀನು ಬಾ."

ಅಂದವನೇ ಬೆಚ್ಚಿದ. ವಸುಧಾ ಫೈಲಿನ ದಾರ ಕಟ್ಟುತ್ತಲೇ ಇದ್ದಳು. "ಸೋಮವಾರ ಸುಸ್ತಿ ಪಟ್ಟಿ ಮೇಲಿನವರಿಗೆ ಹೋಗುತ್ತೆ. ನಿಮ್ಮ ತಂದೆಯವರ ಹೆಸರು ಅದರಲ್ಲಿದೆ. ಅದಾದ ಮೇಲೂ ಹೀಗೇ ಕರೀತೀರಾ?"

ಅವನು ಏಕವಚನಕ್ಕೆ ದಾಟಿದ್ದಾನೆ, ಅವಳು ದಾಟಿಲ್ಲ. ಅವಳು ಬಹುವಚನದಲ್ಲೇ ಉಳಿದಿರುವುದು ನಿರಾಕರಣೆಯೋ ಎಚ್ಚರಿಕೆಯೋ ಓದುಗರಿಗೆ ಖಚಿತವಿಲ್ಲ, ಮುಂದಿನ ಅಧ್ಯಾಯ ಅದರಿಂದಲೇ ಹುಟ್ಟುತ್ತದೆ. ಪಟ್ಟಿಯ ವಿಷಯ ಈಗ ಅವನಿಗೂ ಗೊತ್ತಾಯಿತು, ಹಾಗಾಗಿ ಮೂರನೆಯ ಖಾನೆಯೂ ಬದಲಾಯಿತು. ಪ್ರೀತಿ ಎಂಬ ಪದ ಎಲ್ಲಿಯೂ ಬಂದಿಲ್ಲ.

ಆರನೆಯ ಹೆಜ್ಜೆ: ಕಂತುಗಳಾಗಿ ಓದುವುದು

ಕನ್ನಡದ ಜನಪ್ರಿಯ ಕಾದಂಬರಿ ಬೆಳೆದದ್ದು ಬಹುಮಟ್ಟಿಗೆ ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ. 1965ರಲ್ಲಿ ಆರಂಭವಾದ 'ಸುಧಾ'ದಂಥ ಪತ್ರಿಕೆಗಳಲ್ಲಿ ಮುಂದಿನ ಕಂತಿಗಾಗಿ ಮನೆಮಂದಿಯೆಲ್ಲ ವಾರವಿಡೀ ಕಾಯುತ್ತಿದ್ದರು. ಇಂದು ಪ್ರತಿಲಿಪಿಯಂಥ ತಾಣಗಳಲ್ಲಿ ಅದೇ ಪದ್ಧತಿ ಮರಳಿ ಬಂದಿದೆ, ಕಂತುಗಳು ಇನ್ನೂ ಚಿಕ್ಕದಾಗಿವೆ. ಹೊಲಿದಿಟ್ಟ ಹಳೆಯ ಧಾರಾವಾಹಿ ಸಿಕ್ಕಿದ್ದರೆ ಪ್ರತಿ ಕಂತಿನ ಕೊನೆಯ ಸಾಲನ್ನಷ್ಟೇ ಒಂದರ ಕೆಳಗೊಂದು ಬರೆದು ನೋಡಿ. ಬಾಗಿಲು ಬಡಿದ ಸದ್ದು, ಬಂದ ಕಾಗದ, ಕೇಳಬಾರದ ಮಾತು ಕಿವಿಗೆ ಬಿದ್ದದ್ದು ಮುಂತಾದ ಹೊರಗಿನ ಕೊಂಡಿಗಳು ಎಷ್ಟು, ಪಾತ್ರವೊಂದು ಮನಸ್ಸಿನಲ್ಲಿ ಮಾಡಿಕೊಂಡ ನಿರ್ಧಾರದ ಮೇಲೆ ನಿಂತ ಕಂತುಗಳು ಎಷ್ಟು ಎಂದು ಎಣಿಸಿ. ಮೊದಲನೆಯವು ಓದುಗರನ್ನು ಒಂದು ವಾರ ಕಾಯಿಸುತ್ತವೆ. ಆದರೆ ಪುಸ್ತಕವಾಗಿ ಒಟ್ಟಿಗೆ ಓದುವಾಗ ಅವು ಬೇಗನೆ ಸವೆದುಹೋಗಿ, ಎರಡನೆಯವು ಮಾತ್ರ ಉಳಿಯುತ್ತವೆ. ನಿಮ್ಮ ಬರಹ ಎಲ್ಲಿ ಪ್ರಕಟವಾಗಲಿದೆ ಎಂಬುದನ್ನು ನೋಡಿಕೊಂಡು ಇವುಗಳ ಪ್ರಮಾಣ ನಿರ್ಧರಿಸಬೇಕು.

ಶೃಂಗಾರದ ದೃಶ್ಯಗಳ ವಿಷಯದಲ್ಲಿ ಎಷ್ಟು ತೆರೆಯಬೇಕು, ಎಲ್ಲಿ ಬಾಗಿಲು ಮುಚ್ಚಬೇಕು ಎಂಬುದು ಪ್ರತಿಯೊಬ್ಬ ಲೇಖಕರ ಆಯ್ಕೆ. ಖಾತೆಯಲ್ಲಿ ಒಂದನ್ನು ಮಾತ್ರ ಪರಿಶೀಲಿಸಿ: ಆ ದೃಶ್ಯದ ನಂತರ ಇಬ್ಬರ ನಡುವೆ ಏನಾದರೂ ಬದಲಾಯಿತೇ? ಬದಲಾಗದಿದ್ದರೆ ಅದು ಹಾಡಿನ ದೃಶ್ಯದಂತೆ, ತೆಗೆದರೂ ಕಥೆಗೆ ಕೊರತೆಯಿಲ್ಲ.

ಏಳನೆಯ ಹೆಜ್ಜೆ: ತೆಗೆದುಕೊಳ್ಳಬಹುದಾದದ್ದು, ಬಾರದ್ದು

ಇಷ್ಟು ಹತ್ತಿರದಿಂದ ಓದಿದ ಮೇಲೆ ಇನ್ನೊಬ್ಬರ ದನಿ ನಮ್ಮ ಬರವಣಿಗೆಗೆ ಅಂಟಿಕೊಳ್ಳುವ ಅಪಾಯ ಇದ್ದೇ ಇದೆ. ಕಥೆಯ ಎಳೆ, ಸನ್ನಿವೇಶದ ಬಗೆ, ಶತ್ರುಗಳು ಪ್ರೇಮಿಗಳಾಗುವಂಥ ಹಳೆಯ ಚೌಕಟ್ಟು ಇವು ಯಾರೊಬ್ಬರ ಸ್ವತ್ತೂ ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ರಕ್ಷಿಸುವುದು ಅಭಿವ್ಯಕ್ತಿಯನ್ನು. ಒಂದು ನಾಟಕ ಮತ್ತು ಒಂದು ಚಲನಚಿತ್ರದ ನಡುವಣ ಆರ್. ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಇದನ್ನೇ ಸ್ಪಷ್ಟಪಡಿಸಿತು: ಕಲ್ಪನೆಗೆ, ವಸ್ತುವಿಗೆ ಹಕ್ಕಿಲ್ಲ, ಅದನ್ನು ರೂಪಿಸಿದ ಬಗೆಯನ್ನು ಗಣನೀಯ ಪ್ರಮಾಣದಲ್ಲಿ ನಕಲಿಸಿದರೆ ಮಾತ್ರ ಉಲ್ಲಂಘನೆ. ಲೇಖಕರ ಜೀವಿತಕಾಲ ಮತ್ತು ಅದರ ನಂತರದ 60 ವರ್ಷ ಈ ರಕ್ಷಣೆ ಇರುತ್ತದೆ. ಇಂಗ್ಲಿಷ್ ಕಾದಂಬರಿಯ ಪಾತ್ರಗಳಿಗೆ ಕನ್ನಡದ ಹೆಸರಿಟ್ಟು, ಲಂಡನ್ನನ್ನು ಮಡಿಕೇರಿ ಮಾಡಿ, ದೃಶ್ಯಕ್ಕೆ ದೃಶ್ಯ ಇಳಿಸಿಕೊಳ್ಳುವುದು ಕಾನೂನಿನ ಮಾತು ಹಾಗಿರಲಿ, ಕಸುಬಿನ ದೃಷ್ಟಿಯಿಂದಲೂ ವ್ಯರ್ಥ. ಅಲ್ಲಿಯ ತಡೆ ಇಲ್ಲಿಯ ನೆಲದಲ್ಲಿ ನಿಲ್ಲುವುದಿಲ್ಲ.

ಹಾಗಾಗಿ ಖಾತೆ ಮುಗಿದ ಮೇಲೆ ಮೂಲ ಪುಸ್ತಕಗಳನ್ನು ಕಪಾಟಿಗೆ ಸೇರಿಸಿ, ನಿಮ್ಮ ಕರಡು ಮುಗಿಯುವವರೆಗೂ ಅವನ್ನು ತೆರೆಯಬೇಡಿ. ನೋಟ್‌ಬುಕ್ಕನ್ನೂ ದೂರವಿಡಿ. ಕರಡು ಮುಗಿದ ಮೇಲೆ ಅದೇ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ನಿಮ್ಮ ಕಾದಂಬರಿಗೇ ಅಧ್ಯಾಯವಾರು ಖಾತೆ ಬರೆಯಿರಿ, ಬೇರೆಯವರ ಪುಸ್ತಕಕ್ಕೆ ತೋರಿದಷ್ಟೇ ನಿರ್ದಾಕ್ಷಿಣ್ಯದಿಂದ. ಎರಡನೆಯ ಖಾನೆಯಲ್ಲಿ ಸತತವಾಗಿ ಮೂರು ಅಧ್ಯಾಯ 'ಮೇಲಿನಂತೆ' ಎಂದು ಬಂದರೆ, ಆ ಮೂರರಲ್ಲಿ ಎರಡನ್ನು ಕಿತ್ತುಹಾಕಿ ನೋಡಿ. ಕಥೆ ಓದಿಸಿಕೊಂಡು ಹೋದರೆ ಅವು ಮರಳಿ ಬರಬೇಕಾಗಿಲ್ಲ. ಓದಿಸಿಕೊಳ್ಳದಿದ್ದರೆ, ಆ ಎರಡು ಅಧ್ಯಾಯಗಳಲ್ಲಿ ಯಾರಿಗೋ ಏನೋ ಗೊತ್ತಾಗಬೇಕಿತ್ತು. ಅದು ಏನೆಂದು ಬರೆದುಕೊಂಡು, ಅಲ್ಲಿಂದ ತಿದ್ದಲು ಆರಂಭಿಸಿ.